ಡಿಸ್ಟ್ರಿಕ್ಟ್ ಸಿಕ್ಸ್

ಡಿಸ್ಟ್ರಿಕ್ಟ್ ಸಿಕ್ಸ್ ಎಂಬುದು ದಕ್ಷಿಣ ಆಫ್ರಿಕಾದ ಕೇಪ್ ಟೌನ್ ನಗರದ ಕೇಂದ್ರಭಾಗಕ್ಕೆ ಹೊಂದಿಕೊಂಡಿರುವ ಒಂದು ಹಳೆಯ ಬಡಾವಣೆ. ಡೆವಿಲ್ಸ್ ಪೀಕ್ ಶಿಖರದ ಇಳಿಜಾರಿನಲ್ಲಿ, ಬಂದರಿಗೆ ಮುಖಮಾಡಿಕೊಂಡಿದ್ದ ಈ ಪ್ರದೇಶದಲ್ಲಿ ಬೇರೆ ಬೇರೆ ಮೂಲ ಹಾಗೂ ಧರ್ಮಗಳ ಜನ ಒಂದು ಶತಮಾನಕ್ಕೂ ಹೆಚ್ಚು ಕಾಲ ಒಟ್ಟಾಗಿ ಬಾಳಿದ್ದರು. 1966ರ ಫೆಬ್ರುವರಿ 11ರಂದು ಅಂದಿನ ವರ್ಣಭೇದ ಸರ್ಕಾರವು ಇದನ್ನು ಬಿಳಿಯರಿಗೆ ಮಾತ್ರ ಮೀಸಲಾದ ಪ್ರದೇಶವೆಂದು ಘೋಷಿಸಿತು. ಮುಂದಿನ ಹದಿನೈದು ವರ್ಷಗಳಲ್ಲಿ ಸುಮಾರು 60,000 ನಿವಾಸಿಗಳನ್ನು ಇಲ್ಲಿಂದ ಹೊರಹಾಕಿ, ಅವರ ಮನೆಗಳನ್ನು ಬುಲ್ಡೋಜರ್‌ಗಳಿಂದ ನೆಲಸಮ ಮಾಡಲಾಯಿತು. ನಗರ ಯೋಜನೆಯೇ ಜನಾಂಗೀಯ ಹಿಂಸೆಯ ಸಾಧನವಾದುದಕ್ಕೆ ಡಿಸ್ಟ್ರಿಕ್ಟ್ ಸಿಕ್ಸ್ ಅನ್ನು ಪ್ರಮುಖ ಉದಾಹರಣೆಯಾಗಿ ಅಧ್ಯಯನ ಮಾಡಲಾಗುತ್ತದೆ. 1994ರಲ್ಲಿ ಪ್ರಜಾಪ್ರಭುತ್ವ ಸ್ಥಾಪನೆಯಾದ ನಂತರ ಹಳೆಯ ನಿವಾಸಿಗಳಿಗೆ ಭೂಮಿಯನ್ನು ಹಿಂದಿರುಗಿಸುವ ಕಾರ್ಯ ಆರಂಭವಾಯಿತು. ಅದು ಅತ್ಯಂತ ನಿಧಾನವಾಗಿ ಸಾಗಿದೆ.

ಹೆಸರು

1867ರಲ್ಲಿ ಕೇಪ್ ಟೌನ್ ಪುರಸಭೆಯು ನಗರವನ್ನು ಆಡಳಿತ ವಿಭಾಗಗಳಾಗಿ ವಿಂಗಡಿಸಿದಾಗ ಈ ಪ್ರದೇಶ ಆರನೆಯ ವಿಭಾಗವಾಯಿತು. ಹೆಸರು ಬಂದದ್ದು ಹೀಗೆ, ಕೇವಲ ಕಡತದ ಸಂಖ್ಯೆಯಿಂದ. ಅದಕ್ಕೂ ಮೊದಲು ಇದನ್ನು ಕನಾಲಡಾರ್ಪ್ ಎಂದು ಕರೆಯುತ್ತಿದ್ದರು. ದಾಟಬೇಕಾಗಿದ್ದ ಕಾಲುವೆಗಳಿಂದ ಈ ಹೆಸರು ಬಂದಿತೆಂದು ಕೆಲವರೂ, ‘ದಯವಿಟ್ಟು’ ಎಂಬ ಅರ್ಥದಲ್ಲಿ ಕೇಪ್‌ನ ಮಲಯ ಸಮುದಾಯದವರು ಬಳಸುತ್ತಿದ್ದ ‘ಕನಾಲ’ ಎಂಬ ಪದದಿಂದ ಬಂದಿತೆಂದು ಇನ್ನು ಕೆಲವರೂ ಹೇಳುತ್ತಾರೆ. ಎರಡನೆಯ ವಿವರಣೆ ಸ್ಥಳೀಯರಿಗೆ ಹೆಚ್ಚು ಪ್ರಿಯವಾದುದು. ತೆರವಿನ ಕಾಲದಲ್ಲಿ ಸರ್ಕಾರವು ಬಡಾವಣೆಗೆ ಜೋನ್ನೆಬ್ಲೂಮ್ ಎಂದು ಮರುನಾಮಕರಣ ಮಾಡಿತು. ಡಚ್ ಭಾಷೆಯಲ್ಲಿ ಇದರ ಅರ್ಥ ಸೂರ್ಯಕಾಂತಿ. 2019ರಲ್ಲಿ ಹಳೆಯ ಹೆಸರನ್ನು ಅಧಿಕೃತವಾಗಿ ಮರಳಿ ಇಡಲಾಯಿತು.

ಆರಂಭಿಕ ಇತಿಹಾಸ

ಕೇಪ್ ವಸಾಹತಿನಲ್ಲಿ 1834ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೂ ವಿಮೋಚಿತರು ‘ಶಿಕ್ಷಾರ್ಥಿ’ಗಳೆಂಬ ಹೆಸರಿನಲ್ಲಿ 1838ರವರೆಗೆ ತಮ್ಮ ಹಳೆಯ ಒಡೆಯರಲ್ಲಿಯೇ ದುಡಿಯಬೇಕಾಯಿತು. ಹೀಗೆ ಬಿಡುಗಡೆ ಹೊಂದಿದ ಅನೇಕರು ನಗರದ ಅಂಚಿನ ಈ ಇಳಿಜಾರಿನಲ್ಲಿ ಬಾಡಿಗೆ ಮನೆಗಳನ್ನು ಹಿಡಿದರು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಕೇಪ್‌ಗೆ ಗುಲಾಮರನ್ನು ಇಂಡೋನೇಷ್ಯಾದ ದ್ವೀಪಗಳು, ಮಡಗಾಸ್ಕರ್ ಮತ್ತು ಪೂರ್ವ ಆಫ್ರಿಕಾಗಳಿಂದ ಮಾತ್ರವಲ್ಲದೆ ಭಾರತದ ಬಂಗಾಳ, ಕೋರಮಂಡಲ ಹಾಗೂ ಮಲಬಾರ್ ತೀರಗಳಿಂದಲೂ ತರಲಾಗಿತ್ತು. ಆದುದರಿಂದ ಮುಂದೆ ‘ಕಲರ್ಡ್’ ಎಂದು ಸರ್ಕಾರಿ ದಾಖಲೆಗಳಲ್ಲಿ ಗುರುತಿಸಲ್ಪಟ್ಟ ಇಲ್ಲಿನ ಮಿಶ್ರ ಮೂಲದ ಜನರ ಪೂರ್ವಿಕರಲ್ಲಿ ಭಾರತೀಯರೂ ಇದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬಂದರಿನ ಕೂಲಿಗಳು, ದರ್ಜಿಗಳು, ಮೀನುಗಾರರು, ಕ್ಸೋಸಾ ಭಾಷಿಕ ಆಫ್ರಿಕನ್ನರು, ಪೂರ್ವ ಯುರೋಪಿನಿಂದ ಬಂದ ಯೆಹೂದಿ ವಲಸಿಗರು, ಭಾರತೀಯ ವ್ಯಾಪಾರಿಗಳು ಇಲ್ಲಿ ನೆಲೆಸಿದ್ದರು.

ಹ್ಯಾನೋವರ್ ಸ್ಟ್ರೀಟ್ ಈ ಬಡಾವಣೆಯ ಮುಖ್ಯ ಬೀದಿ. ಅಂಗಡಿಗಳು, ಮೀನು ಮಾರುಕಟ್ಟೆ, ಸಾರ್ವಜನಿಕ ಸ್ನಾನಗೃಹ, ಸ್ಟಾರ್, ಅವಲಾನ್ ಮೊದಲಾದ ಚಿತ್ರಮಂದಿರಗಳು ಜನಜೀವನದ ಕೇಂದ್ರಗಳಾಗಿದ್ದವು. ಇಲ್ಲಿಯ ರಾಜಕೀಯ ಪರಂಪರೆಯೂ ಗಟ್ಟಿಯಾದುದು. 1904ರಲ್ಲಿ ಕೇಪ್ ಟೌನ್ ನಗರಸಭೆಗೆ ಆಯ್ಕೆಯಾದ ಮೊದಲ ಬಿಳಿಯೇತರ ಸದಸ್ಯ ಡಾ. ಅಬ್ದುಲ್ಲಾ ಅಬ್ದುರಹಮಾನ್ ಹಾಗೂ ಅವರ ಮಗಳು, ವರ್ಣಭೇದ ವಿರೋಧಿ ಹೋರಾಟಗಾರ್ತಿ ಸಿಸ್ಸಿ ಗೂಲ್ ಇದೇ ಪ್ರದೇಶದಿಂದ ಬಂದವರು. ಹಾಗೆಂದು ಡಿಸ್ಟ್ರಿಕ್ಟ್ ಸಿಕ್ಸ್ ಅನ್ನು ಸ್ವರ್ಗವೆಂದು ಚಿತ್ರಿಸುವುದು ಸರಿಯಲ್ಲ. ಮನೆಗಳು ಕಿಕ್ಕಿರಿದಿದ್ದವು, ಮಾಲೀಕರು ದುರಸ್ತಿ ಮಾಡಿಸುತ್ತಿರಲಿಲ್ಲ, ಬೀದಿ ಗ್ಯಾಂಗುಗಳು ಇದ್ದವು. ನಿವಾಸಿಗಳಲ್ಲಿ ಬಹುಪಾಲು ಬಾಡಿಗೆದಾರರೇ ಆಗಿದ್ದುದರಿಂದ ಕಟ್ಟಡಗಳ ದುಃಸ್ಥಿತಿಗೆ ಅವರನ್ನು ಹೊಣೆ ಮಾಡುವಂತಿರಲಿಲ್ಲ.

ಪ್ಲೇಗ್ ಮತ್ತು ಮೊದಲ ತೆರವು

ಬಲವಂತದ ತೆರವು 1966ರಲ್ಲಿ ಹುಟ್ಟಿದ ಕಲ್ಪನೆಯಲ್ಲ. 1901ರಲ್ಲಿ ಕೇಪ್ ಟೌನ್‌ಗೆ ಪ್ಲೇಗ್ ಬಂದಾಗ ಬ್ರಿಟಿಷ್ ವಸಾಹತು ಆಡಳಿತವು ಸೋಂಕಿನ ನೆಪದಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್‌ನ ಮತ್ತು ಸುತ್ತಲಿನ ಸಾವಿರಾರು ಆಫ್ರಿಕನ್ನರನ್ನು ನಗರದ ಹೊರಗಿನ ಔಟ್‌ಫ್ಲುಗ್ಟ್ ಎಂಬಲ್ಲಿಗೆ ಸಾಗಿಸಿತು. ಮುಂದೆ ಎನ್ದಾಬೇನಿ ಎಂದು ಹೆಸರಾದ ಈ ಶಿಬಿರವೇ ನಗರದ ಮೊದಲ ಪ್ರತ್ಯೇಕ ಆಫ್ರಿಕನ್ ವಸತಿ ಪ್ರದೇಶ. ಅಲ್ಲಿಯೂ ಅವರು ನೆಲೆಯೂರಲಾಗಲಿಲ್ಲ. 1923ರ ನಗರ ಪ್ರದೇಶಗಳ ಕಾಯಿದೆಯ ನಂತರ ಅವರನ್ನು ಇನ್ನೂ ದೂರದ ಲಾಂಗಾಕ್ಕೆ ಕಳುಹಿಸಲಾಯಿತು.

ಇದೇ ಮಾದರಿ ಜೊಹಾನ್ಸ್‌ಬರ್ಗ್‌ನಲ್ಲಿಯೂ ನಡೆಯಿತು. 1904ರಲ್ಲಿ ಅಲ್ಲಿನ ಭಾರತೀಯರ ಕೇರಿಯಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಪುರಸಭೆಯು ನಿವಾಸಿಗಳನ್ನು ಕ್ಲಿಪ್‌ಸ್ಪ್ರೂಟ್ ಎಂಬಲ್ಲಿಗೆ ಸ್ಥಳಾಂತರಿಸಿ ಇಡೀ ಕೇರಿಗೆ ಬೆಂಕಿ ಹಚ್ಚಿತು. ಆಗ ಅಲ್ಲಿ ವಕೀಲರಾಗಿದ್ದ ಮೋಹನದಾಸ ಗಾಂಧಿಯವರು ರೋಗಿಗಳ ಶುಶ್ರೂಷೆಯಲ್ಲಿ ತೊಡಗಿದ್ದರು. ತಮ್ಮ ಆತ್ಮಕಥೆಯಲ್ಲಿ ಈ ಘಟನೆಗಳನ್ನು ವಿವರವಾಗಿ ದಾಖಲಿಸಿದ್ದಾರೆ. ಕ್ಲಿಪ್‌ಸ್ಪ್ರೂಟ್ ಮುಂದೆ ಸೊವೆಟೊದ ಭಾಗವಾಯಿತು. ಆರೋಗ್ಯ, ನೈರ್ಮಲ್ಯ, ಕೊಳೆಗೇರಿ ನಿರ್ಮೂಲನೆ ಎಂಬ ಪದಗಳು ಜನಾಂಗೀಯ ಉದ್ದೇಶಕ್ಕೆ ಹೊದಿಕೆಯಾದದ್ದು ಈ ಕಾಲದಿಂದಲೇ.

ಗುಂಪು ಪ್ರದೇಶಗಳ ಕಾಯಿದೆ

1948ರ ಚುನಾವಣೆಯಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದಿತು. 1950ರಲ್ಲಿ ಅದು ಎರಡು ಕಾಯಿದೆಗಳನ್ನು ತಂದಿತು. ಜನಸಂಖ್ಯಾ ನೋಂದಣಿ ಕಾಯಿದೆಯು ಪ್ರತಿಯೊಬ್ಬ ವ್ಯಕ್ತಿಯನ್ನೂ ಒಂದು ಜನಾಂಗೀಯ ವರ್ಗಕ್ಕೆ ಸೇರಿಸಿತು. ಗುಂಪು ಪ್ರದೇಶಗಳ ಕಾಯಿದೆಯು ಪ್ರತಿಯೊಂದು ವರ್ಗಕ್ಕೂ ನಗರದಲ್ಲಿ ಪ್ರತ್ಯೇಕ ವಾಸಸ್ಥಾನವನ್ನು ಗೊತ್ತುಮಾಡಿತು. ಮೊದಲನೆಯದು ಮನುಷ್ಯರ ಪಟ್ಟಿ, ಎರಡನೆಯದು ನೆಲದ ಪಟ್ಟಿ. ಇವೆರಡನ್ನೂ ಜೋಡಿಸಿದರೆ ಯಾರು ಎಲ್ಲಿ ಮಲಗಬಹುದೆಂಬುದನ್ನು ಸರ್ಕಾರವೇ ನಿರ್ಧರಿಸಬಹುದಿತ್ತು.

ಕಾಯಿದೆಯನ್ನು ಜಾರಿಗೆ ತಂದವರು ಪೊಲೀಸರಷ್ಟೇ ಅಲ್ಲ. ಭೂಮಾಪಕರು, ಎಂಜಿನಿಯರುಗಳು ಮತ್ತು ನಗರ ಯೋಜಕರ ಕೊಡುಗೆ ಅದಕ್ಕಿಂತ ದೊಡ್ಡದು. ವರ್ಣಭೇದ ನಗರದ ವಿನ್ಯಾಸದಲ್ಲಿ ಕೇಂದ್ರಭಾಗ ಮತ್ತು ಒಳ್ಳೆಯ ಉಪನಗರಗಳು ಬಿಳಿಯರಿಗೆ ಮೀಸಲು. ಉಳಿದ ವರ್ಗಗಳನ್ನು ಹೊರವಲಯದಲ್ಲಿಟ್ಟು, ವರ್ಗ ವರ್ಗಗಳ ನಡುವೆ ರೈಲು ಹಳಿ, ಹೆದ್ದಾರಿ, ಕೈಗಾರಿಕಾ ವಲಯ ಅಥವಾ ಖಾಲಿ ಪಟ್ಟಿಗಳನ್ನು ಬಿಡಲಾಗುತ್ತಿತ್ತು. ಬಿಳಿಯೇತರರ ಟೌನ್‌ಶಿಪ್‌ಗಳಿಗೆ ಪ್ರವೇಶ ರಸ್ತೆಗಳು ಒಂದೆರಡು ಮಾತ್ರ. ಗಲಭೆಯಾದರೆ ಆ ರಸ್ತೆಗಳನ್ನು ಮುಚ್ಚಿ ಇಡೀ ವಸತಿಯನ್ನು ದಿಗ್ಬಂಧನಕ್ಕೆ ಒಳಪಡಿಸಬಹುದಿತ್ತು. ಆಫ್ರಿಕನ್ ಟೌನ್‌ಶಿಪ್‌ಗಳಲ್ಲಿ ಸಾಲುಸಾಲಾಗಿ ಕಟ್ಟಿದ ನಾಲ್ಕು ಕೋಣೆಯ ಮನೆಗಳ ನಕ್ಷೆಗೆ ‘ಎನ್.ಇ. 51/6’ ಎಂಬ ಸಂಕೇತವಿತ್ತು. ‘ಎನ್.ಇ.’ ಎಂದರೆ ನಾನ್-ಯುರೋಪಿಯನ್, 51 ಎಂದರೆ 1951. ಸುಮಾರು 40 ಚದರ ಮೀಟರಿನ ಈ ಮನೆಗಳನ್ನು ಜನ ಬೆಂಕಿಪೊಟ್ಟಣವೆಂದೇ ಕರೆದರು.

ಸರ್ಪ್ಲಸ್ ಪೀಪಲ್ ಪ್ರಾಜೆಕ್ಟ್ ಎಂಬ ಸಂಶೋಧನಾ ಯೋಜನೆಯ ಅಂದಾಜಿನಂತೆ 1960 ಮತ್ತು 1983ರ ನಡುವೆ ದೇಶದಾದ್ಯಂತ ಹಳ್ಳಿ ಪಟ್ಟಣಗಳಿಂದ 35 ಲಕ್ಷ ಜನರನ್ನು ಬಲವಂತವಾಗಿ ಸ್ಥಳಾಂತರಿಸಲಾಯಿತು. ಇದಕ್ಕೂ ಮೊದಲು, 1955ರ ಫೆಬ್ರುವರಿಯಲ್ಲಿ, ಜೊಹಾನ್ಸ್‌ಬರ್ಗ್‌ನ ಸೋಫಿಯಾಟೌನ್ ತೆರವು ಆರಂಭವಾಗಿತ್ತು. ಅದರ ಜಾಗದಲ್ಲಿ ಬಿಳಿಯರಿಗಾಗಿ ಕಟ್ಟಿದ ಬಡಾವಣೆಗೆ ಟ್ರಿಯೋಂಫ್, ಅಂದರೆ ವಿಜಯ, ಎಂದು ಹೆಸರಿಟ್ಟರು. ಇಷ್ಟು ಬಹಿರಂಗವಾಗಿ ಹೇಳಿಕೊಂಡ ನಾಮಕರಣ ನಗರ ಯೋಜನೆಯ ಚರಿತ್ರೆಯಲ್ಲಿ ಅಪರೂಪ. 2006ರಲ್ಲಿ ಅದಕ್ಕೆ ಸೋಫಿಯಾಟೌನ್ ಎಂಬ ಹೆಸರು ಮರಳಿತು.

ಘೋಷಣೆ ಮತ್ತು ತೆರವು

1966ರ ಘೋಷಣೆಯ ಸಂದರ್ಭದಲ್ಲಿ ಸಮುದಾಯ ಅಭಿವೃದ್ಧಿ ಸಚಿವರಾಗಿದ್ದವರು, ಮುಂದೆ ದೇಶದ ಅಧ್ಯಕ್ಷರಾದ ಪಿ. ಡಬ್ಲ್ಯು. ಬೋಥಾ. ಸರ್ಕಾರ ನೀಡಿದ ಕಾರಣಗಳು ಇವು: ಜನಾಂಗಗಳು ಬೆರೆತರೆ ಘರ್ಷಣೆ ಹುಟ್ಟುತ್ತದೆ, ಈ ಪ್ರದೇಶ ದುರಸ್ತಿಗೆ ಮೀರಿದ ಕೊಳೆಗೇರಿ, ಇದು ಅಪರಾಧ, ಜೂಜು ಮತ್ತು ವೇಶ್ಯಾವಾಟಿಕೆಯ ನೆಲೆ. ನಗರಕೇಂದ್ರ, ಪರ್ವತ ಮತ್ತು ಬಂದರುಗಳಿಗೆ ಸಮೀಪವಿದ್ದ ಈ ಭೂಮಿಯ ಬೆಲೆಯೇ ನಿಜವಾದ ಕಾರಣವೆಂದು ನಿವಾಸಿಗಳಲ್ಲಿ ಹೆಚ್ಚಿನವರು ನಂಬಿದ್ದರು. ಮೊದಲ ಕಾರಣವನ್ನು ಮಾತ್ರ ಗಂಭೀರವಾಗಿ ಪರಿಶೀಲಿಸಬೇಕಾಗುತ್ತದೆ, ಏಕೆಂದರೆ ಅದು ಶಾಂತಿಯ ಹೆಸರಿನಲ್ಲಿ ಮಂಡಿಸಿದ ವಾದ. ಜನರನ್ನು ಬೇರ್ಪಡಿಸಿದರೆ ಶಾಂತಿ ನೆಲೆಸುತ್ತದೆಂದು ಅದು ಹೇಳುತ್ತಿತ್ತು. ಡಿಸ್ಟ್ರಿಕ್ಟ್ ಸಿಕ್ಸ್‌ನ ಒಂದು ಶತಮಾನದ ಸಹಬಾಳ್ವೆ ಈ ವಾದಕ್ಕೆ ಎದುರು ಸಾಕ್ಷಿಯಾಗಿ ನಿಂತಿತ್ತು. ಆ ಸಾಕ್ಷಿಯನ್ನೇ ಕೆಡವಲಾಯಿತು.

1968ರಲ್ಲಿ ತೆರವು ಆರಂಭವಾಗಿ 1980ರ ದಶಕದ ಆರಂಭದವರೆಗೆ ನಡೆಯಿತು. ಒಂದೇ ದಿನ ಎಲ್ಲರನ್ನೂ ಎಬ್ಬಿಸಲಿಲ್ಲ. ಬೀದಿಯಿಂದ ಬೀದಿಗೆ, ಮನೆಯಿಂದ ಮನೆಗೆ ಸೂಚನಾಪತ್ರಗಳು ಬರುತ್ತಿದ್ದವು. ನೆರೆಮನೆ ಖಾಲಿಯಾದೊಡನೆ ಅದನ್ನು ಕೆಡವುತ್ತಿದ್ದುದರಿಂದ ಉಳಿದವರು ವರ್ಷಗಟ್ಟಲೆ ಅವಶೇಷಗಳ ನಡುವೆ ಬದುಕಬೇಕಾಯಿತು. ಒಂದೇ ಕುಟುಂಬದ ಸದಸ್ಯರು ಬೇರೆ ಬೇರೆ ವರ್ಗಗಳಲ್ಲಿ ನೋಂದಣಿಯಾಗಿದ್ದರೆ ಅವರು ಬೇರೆ ಬೇರೆ ಟೌನ್‌ಶಿಪ್‌ಗಳಿಗೆ ಹೋಗಬೇಕಾಗುತ್ತಿತ್ತು. ಮಸೀದಿ ಮತ್ತು ಚರ್ಚುಗಳನ್ನು ಮಾತ್ರ ಮುಟ್ಟಲಿಲ್ಲ. ಹೀಗಾಗಿ ಖಾಲಿ ಇಳಿಜಾರಿನಲ್ಲಿ ಕೆಲವು ಮಸೀದಿಗಳೂ ಸಂತ ಮಾರ್ಕ್ ಚರ್ಚು, ಮೊರಾವಿಯನ್ ಚರ್ಚು ಮೊದಲಾದವೂ ಒಂಟಿಯಾಗಿ ಉಳಿದವು. ದೂರಕ್ಕೆ ಹೋದವರು ಶುಕ್ರವಾರ ಮತ್ತು ಭಾನುವಾರಗಳಂದು ಬಸ್ಸು, ರೈಲು ಹಿಡಿದು ಪ್ರಾರ್ಥನೆಗೆ ಇಲ್ಲಿಗೇ ಬರುತ್ತಿದ್ದರು. ಊರು ಇಲ್ಲದಿದ್ದರೂ ಊರಿನ ಸಭೆ ವಾರಕ್ಕೊಮ್ಮೆ ಸೇರುತ್ತಿತ್ತು ಎನ್ನಬಹುದು.

ಕೇಪ್ ಫ್ಲಾಟ್ಸ್

ಹೊರಹಾಕಲ್ಪಟ್ಟವರಲ್ಲಿ ಹೆಚ್ಚಿನವರನ್ನು ನಗರದ ಆಗ್ನೇಯಕ್ಕಿರುವ ಕೇಪ್ ಫ್ಲಾಟ್ಸ್ ಎಂಬ ಮರಳು ಬಯಲಿನ ಟೌನ್‌ಶಿಪ್‌ಗಳಿಗೆ ಕಳುಹಿಸಲಾಯಿತು. ಬೊಂಟೆಹ್ಯೂವೆಲ್, ಮಾನೆನ್‌ಬರ್ಗ್, ಹ್ಯಾನೋವರ್ ಪಾರ್ಕ್, ಲ್ಯಾವೆಂಡರ್ ಹಿಲ್, ಮಿಚೆಲ್ಸ್ ಪ್ಲೇನ್ ಇವುಗಳಲ್ಲಿ ಮುಖ್ಯವಾದವು. ಆಫ್ರಿಕನ್ನರಿಗೆ ಗೊತ್ತುಮಾಡಿದ್ದು ಲಾಂಗಾ, ನ್ಯಾಂಗಾ ಮತ್ತು ಗುಗುಲೇತು. ಹ್ಯಾನೋವರ್ ಪಾರ್ಕಿನ ಹೆಸರು ಕೆಡವಿದ ಹ್ಯಾನೋವರ್ ಸ್ಟ್ರೀಟನ್ನು ನೆನಪಿಸುವಂಥದು. ಇದು ಸೌಜನ್ಯವೋ ಅಣಕವೋ ಎಂದು ಅಲ್ಲಿಗೆ ಹೋದವರು ಕೇಳಿಕೊಂಡಿರಬಹುದು.

ಮೊದಲು ನಡೆದು ಹೋಗುತ್ತಿದ್ದ ಕೆಲಸಕ್ಕೆ ಈಗ ಪ್ರತಿದಿನ 20ರಿಂದ 25 ಕಿಲೋಮೀಟರ್ ಪ್ರಯಾಣ ಮಾಡಬೇಕಾಯಿತು. ಕೂಲಿಯ ಗಣನೀಯ ಭಾಗ ಪ್ರಯಾಣಕ್ಕೇ ಸಂದಿತು. ಅಂಗಡಿ, ಮೈದಾನ, ಚಿತ್ರಮಂದಿರಗಳಿಲ್ಲದ ಎರಡು ಮೂರು ಅಂತಸ್ತಿನ ವಸತಿ ಕಟ್ಟಡಗಳಲ್ಲಿ ಪರಸ್ಪರ ಅಪರಿಚಿತರಾದ ಕುಟುಂಬಗಳನ್ನು ತಂದಿರಿಸಲಾಗಿತ್ತು. ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿ ತಾಯಿ ಕೆಲಸಕ್ಕೆ ಹೋದರೆ ಅಜ್ಜಿಯೋ ಪಕ್ಕದ ಮನೆಯವರೋ ಬೀದಿಯ ಮಕ್ಕಳ ಮೇಲೆ ಕಣ್ಣಿಡುತ್ತಿದ್ದರು. ವಿಸ್ತೃತ ಕುಟುಂಬ ಮತ್ತು ನೆರೆಹೊರೆಯ ಈ ಜಾಲ ಹರಿದುಹೋದದ್ದೇ ಕೇಪ್ ಫ್ಲಾಟ್ಸ್‌ನ ಗ್ಯಾಂಗ್ ಹಿಂಸೆಗೆ ಮೂಲವೆಂದು ಅಪರಾಧಶಾಸ್ತ್ರಜ್ಞ ಡಾನ್ ಪಿನ್ನಾಕ್ 1984ರ ತಮ್ಮ ಕೃತಿಯಲ್ಲಿ ವಾದಿಸಿದ್ದಾರೆ. ಬಡತನ, ಮಾದಕವಸ್ತು ವ್ಯಾಪಾರ ಮತ್ತು ನಿರುದ್ಯೋಗಗಳೂ ಕಾರಣಗಳೇ. ಆದರೆ ಮನೆ ಕೆಡವಿದವರ ಲೆಕ್ಕದಲ್ಲಿ ಬಾರದ ಈ ಹಾನಿ ತಲೆಮಾರುಗಳನ್ನು ದಾಟಿ ಬಂದಿದೆ. 2019ರ ಜುಲೈನಲ್ಲಿ ಗ್ಯಾಂಗ್ ಕೊಲೆಗಳನ್ನು ತಡೆಯಲು ಸರ್ಕಾರ ಈ ಟೌನ್‌ಶಿಪ್‌ಗಳಿಗೆ ಸೈನ್ಯವನ್ನೇ ಕಳುಹಿಸಬೇಕಾಯಿತು.

ಖಾಲಿ ಉಳಿದ ನೆಲ

ತೆರವುಗೊಳಿಸಿದ ಜಾಗದಲ್ಲಿ ಬಿಳಿಯರ ಹೊಸ ಬಡಾವಣೆ ಏಳಬೇಕಾಗಿತ್ತು. ಅದು ಏಳಲಿಲ್ಲ. ಹಳೆಯ ನಿವಾಸಿಗಳು ಈ ನೆಲವನ್ನು ಉಪ್ಪು ಸುರಿದ ಭೂಮಿಯೆಂದು ಕರೆದರು. ಅಲ್ಲಿ ಮನೆ ಕಟ್ಟುವುದು ಅನ್ಯಾಯದಲ್ಲಿ ಪಾಲುಗೊಂಡಂತೆ ಎಂಬ ಅಭಿಪ್ರಾಯ ನಗರದಲ್ಲಿ ಹರಡಿ, ಅನೇಕ ಬಿಲ್ಡರುಗಳು ಹಿಂಜರಿದರು. ಸರ್ಕಾರವು ಕೇಪ್ ಟೆಕ್ನಿಕಾನ್ ಎಂಬ ಶಿಕ್ಷಣ ಸಂಸ್ಥೆಯನ್ನು, ಆರಂಭದಲ್ಲಿ ಬಿಳಿಯರಿಗಾಗಿ, ಇಲ್ಲಿ ಕಟ್ಟಿತು. ಅದು ಪ್ರದೇಶದ ದೊಡ್ಡ ಪಾಲನ್ನು ಆಕ್ರಮಿಸಿತು. ಇದಕ್ಕೂ ಮೊದಲೇ ಈಸ್ಟರ್ನ್ ಬುಲೆವಾರ್ಡ್ ಎಂಬ ಹೆದ್ದಾರಿ ಬಡಾವಣೆಯನ್ನು ಸೀಳಿತ್ತು. ಈಗ ಅದಕ್ಕೆ ನೆಲ್ಸನ್ ಮಂಡೇಲಾ ಹೆಸರಿದೆ. 1980ರ ದಶಕದ ಉತ್ತರಾರ್ಧದಲ್ಲಿ ತೈಲ ಕಂಪನಿ ಬಿಪಿ ಮರುನಿರ್ಮಾಣದ ಯೋಜನೆ ಮುಂದಿಟ್ಟಾಗ ‘ಹ್ಯಾಂಡ್ಸ್ ಆಫ್ ಡಿಸ್ಟ್ರಿಕ್ಟ್ ಸಿಕ್ಸ್’ ಚಳವಳಿ ಹುಟ್ಟಿಕೊಂಡಿತು. ವರ್ಣಭೇದ ಕಾನೂನುಗಳು ಇರುವವರೆಗೆ ಇಲ್ಲಿ ಯಾರೂ ಏನನ್ನೂ ಕಟ್ಟಕೂಡದು ಎಂಬುದು ಅದರ ನಿಲುವು. ಕಟ್ಟದೆ ಬಿಡುವುದೇ ಪ್ರತಿಭಟನೆಯಾದ ಅಪರೂಪದ ಪ್ರಸಂಗವಿದು. ಗುಂಪು ಪ್ರದೇಶಗಳ ಕಾಯಿದೆ 1991ರಲ್ಲಿ ರದ್ದಾಗುವ ಹೊತ್ತಿಗೂ ನೆಲದ ಬಹುಭಾಗ ಹುಲ್ಲು ಬೆಳೆದ ಬಯಲಾಗಿಯೇ ಇತ್ತು.

ಡಿಸ್ಟ್ರಿಕ್ಟ್ ಸಿಕ್ಸ್ ಮ್ಯೂಸಿಯಂ

ಚಳವಳಿಯ ಮುಂದುವರಿಕೆಯಾಗಿ 1989ರಲ್ಲಿ ಮ್ಯೂಸಿಯಂ ಪ್ರತಿಷ್ಠಾನ ಸ್ಥಾಪನೆಯಾಯಿತು. 1994ರ ಡಿಸೆಂಬರಿನಲ್ಲಿ ಬ್ಯೂಟೆನ್‌ಕಾಂಟ್ ಸ್ಟ್ರೀಟಿನ ಹಳೆಯ ಮೆಥಡಿಸ್ಟ್ ಚರ್ಚಿನಲ್ಲಿ ಮ್ಯೂಸಿಯಂ ತೆರೆಯಿತು. ಅದರ ಮೊದಲ ಪ್ರದರ್ಶನದ ವಿಷಯ ಬೀದಿಗಳು. ಕೆಡವುವ ಕೆಲಸದ ಮೇಲ್ವಿಚಾರಕನೊಬ್ಬ ಹಳೆಯ ಬೀದಿ ಫಲಕಗಳನ್ನು ಸಮುದ್ರಕ್ಕೆ ಎಸೆಯಬೇಕಾಗಿದ್ದರೂ ಎಸೆಯದೆ ತನ್ನಲ್ಲಿ ಬಚ್ಚಿಟ್ಟಿದ್ದ. ಆ ಫಲಕಗಳು ಈಗ ಮ್ಯೂಸಿಯಂನ ನಡುವೆ ಗೋಪುರದಂತೆ ತೂಗಿವೆ. ನೆಲದ ತುಂಬ ಬಡಾವಣೆಯ ದೊಡ್ಡ ನಕ್ಷೆಯಿದೆ. ಹಳೆಯ ನಿವಾಸಿಗಳು ಬಂದು ತಮ್ಮ ಮನೆಯಿದ್ದ ಜಾಗದಲ್ಲಿ ಹೆಸರು ಬರೆಯುತ್ತಾರೆ. ಉದ್ದನೆಯ ಬಟ್ಟೆಯ ಮೇಲೆ ಅವರು ಬರೆದ ಮಾತುಗಳನ್ನು ನಂತರ ದಾರದಲ್ಲಿ ಕಸೂತಿ ಮಾಡಲಾಗುತ್ತದೆ. ಭೂಹಕ್ಕಿನ ಹೋರಾಟಕ್ಕೂ ಈ ಮ್ಯೂಸಿಯಂ ಸಭಾಂಗಣವಾಯಿತು. ಮನೆಯ ದಾಖಲೆ ಕಳೆದುಕೊಂಡವರಿಗೆ ನೆರೆಯವರ ನೆನಪು ಬೆಂಬಲವಾಗಿ ದೊರೆತದ್ದು ಇಂಥ ಜಾಗಗಳಲ್ಲಿ.

ಮರಳುವಿಕೆ

1994ರ ಭೂಹಕ್ಕುಗಳ ಪುನಃಸ್ಥಾಪನಾ ಕಾಯಿದೆಯು 1913ರ ಜೂನ್ 19ರ ನಂತರ ಜನಾಂಗೀಯ ಕಾನೂನುಗಳಿಂದ ಭೂಮಿ ಕಳೆದುಕೊಂಡವರಿಗೆ ಅರ್ಜಿ ಸಲ್ಲಿಸುವ ಅವಕಾಶ ನೀಡಿತು. ಮಾಲೀಕರಂತೆ ಬಾಡಿಗೆದಾರರೂ ಅರ್ಹರಾಗಿದ್ದರು. ಡಿಸ್ಟ್ರಿಕ್ಟ್ ಸಿಕ್ಸ್ ಮಟ್ಟಿಗೆ ಈ ಅಂಶವಿಲ್ಲದಿದ್ದರೆ ಕಾಯಿದೆಗೆ ಅರ್ಥವೇ ಇರುತ್ತಿರಲಿಲ್ಲ. 1998ರ ಡಿಸೆಂಬರ್ 31ರ ಗಡುವಿನೊಳಗೆ ಎರಡೂವರೆ ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು. ಹಲವರು ನಗದು ಪರಿಹಾರ ಪಡೆದರು, ಉಳಿದವರು ಮರಳಿ ಬರಲು ಬಯಸಿದರು.

2004ರ ಫೆಬ್ರುವರಿ 11ರಂದು, ಘೋಷಣೆಯಾಗಿ ಸರಿಯಾಗಿ 38 ವರ್ಷಗಳ ನಂತರ, ನೆಲ್ಸನ್ ಮಂಡೇಲಾ ಅವರು ಎಂಬತ್ತು ದಾಟಿದ ಇಬ್ಬರು ಹಳೆಯ ನಿವಾಸಿಗಳಿಗೆ ಹೊಸ ಮನೆಗಳ ಕೀಲಿಕೈ ನೀಡಿದರು. ಆ ಬಳಿಕ ಕಾಮಗಾರಿ ಕುಂಟುತ್ತ ಸಾಗಿತು. ಕೇಂದ್ರ ಸರ್ಕಾರ, ನಗರಪಾಲಿಕೆ ಮತ್ತು ಅರ್ಜಿದಾರರ ಸಂಘಟನೆಗಳ ನಡುವೆ ಹಣ, ನಕ್ಷೆ ಮತ್ತು ಹೊಣೆಗಾರಿಕೆಯ ಬಗ್ಗೆ ಭಿನ್ನಾಭಿಪ್ರಾಯಗಳಿದ್ದವು. ಮೊದಲ ಹತ್ತು ವರ್ಷಗಳಲ್ಲಿ ಕಟ್ಟಿದ ಮನೆಗಳ ಸಂಖ್ಯೆ ಇನ್ನೂರನ್ನೂ ಮುಟ್ಟಲಿಲ್ಲ. 2018ರಲ್ಲಿ ಅರ್ಜಿದಾರರು ಭೂಹಕ್ಕು ನ್ಯಾಯಾಲಯದ ಮೊರೆಹೋದರು. ಕಾಲಮಿತಿಯಿರುವ ಯೋಜನೆಯನ್ನು ಸಲ್ಲಿಸುವಂತೆ ನ್ಯಾಯಾಲಯವು ಭೂಸುಧಾರಣಾ ಸಚಿವಾಲಯಕ್ಕೆ ಆದೇಶಿಸಿತು. 2021ರಿಂದ ಮೂರನೆಯ ಹಂತದ 108 ಮನೆಗಳ ಹಸ್ತಾಂತರ ನಡೆಯಿತು. ಈ ನಡುವೆ ಅನೇಕ ಅರ್ಜಿದಾರರು ತೀರಿಕೊಂಡರು. ಅವರ ಹಕ್ಕು ಮಕ್ಕಳು ಮೊಮ್ಮಕ್ಕಳಿಗೆ ಹೋಯಿತು. ಬಾಲ್ಯದಲ್ಲಿ ಹೊರಟವರು ವೃದ್ಧರಾಗಿ ಮರಳಿದಾಗ ಅವರಿಗೆ ದೊರೆತದ್ದು ಮನೆ. ನೆರೆಹೊರೆಯನ್ನು ಅವರು ಹೊಸದಾಗಿ ಕಟ್ಟಿಕೊಳ್ಳಬೇಕು. ಸುತ್ತಲಿನ ವುಡ್‌ಸ್ಟಾಕ್ ಮತ್ತು ಸಾಲ್ಟ್ ರಿವರ್ ಪ್ರದೇಶಗಳಲ್ಲಿ ಆಸ್ತಿ ಬೆಲೆ ಏರಿ, ಗುಂಪು ಪ್ರದೇಶಗಳ ಕಾಯಿದೆಯನ್ನು ದಾಟಿ ಉಳಿದಿದ್ದ ಬಡ ಬಾಡಿಗೆದಾರರು ಈಗ ಮಾರುಕಟ್ಟೆಯ ಒತ್ತಡದಿಂದ ಹೊರಹೋಗುತ್ತಿದ್ದಾರೆ.

ಶಾಂತಿ ಅಧ್ಯಯನದಲ್ಲಿ

ನಾರ್ವೆಯ ಸಮಾಜಶಾಸ್ತ್ರಜ್ಞ ಯೋಹಾನ್ ಗಾಲ್ಟುಂಗ್ 1969ರಲ್ಲಿ ‘ರಾಚನಿಕ ಹಿಂಸೆ’ ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಹೊಡೆಯುವ ಕೈ ಕಾಣದಿದ್ದರೂ ಸಮಾಜದ ರಚನೆಯೇ ಕೆಲವರ ಬದುಕನ್ನು ಕುಗ್ಗಿಸಿದರೆ ಅದೂ ಹಿಂಸೆಯೇ; ಅದು ಇರುವವರೆಗೆ ಕಾದಾಟ ನಿಂತರೂ ಪೂರ್ಣ ಅರ್ಥದ ಶಾಂತಿ ಇಲ್ಲ ಎಂಬುದು ಅವರ ವಾದ. ವರ್ಣಭೇದ ನಗರದಲ್ಲಿ ‘ರಚನೆ’ ಎಂಬ ಪದಕ್ಕೆ ಅಕ್ಷರಶಃ ಅರ್ಥವಿದೆ: ಇಟ್ಟಿಗೆ, ರಸ್ತೆ ಮತ್ತು ದೂರ.

1995ರ ಕಾಯಿದೆಯಡಿ ರಚಿತವಾದ ಸತ್ಯ ಮತ್ತು ಸಾಮರಸ್ಯ ಆಯೋಗದ ವ್ಯಾಪ್ತಿಯು ಕೊಲೆ, ಚಿತ್ರಹಿಂಸೆ, ಅಪಹರಣಗಳಂತಹ ಗಂಭೀರ ಹಕ್ಕುಚ್ಯುತಿಗಳಿಗೆ ಸೀಮಿತವಾಗಿತ್ತು. ಲಕ್ಷಾಂತರ ಜನರ ತೆರವು ಅದರ ಪರಿಧಿಯ ಹೊರಗೆ ಉಳಿದು, ಭೂಹಕ್ಕು ಆಯೋಗದ ಕಡತಗಳ ಪಾಲಾಯಿತು. ಉಗಾಂಡಾದ ವಿದ್ವಾಂಸ ಮಹಮೂದ್ ಮಮ್ದಾನಿ ಇದನ್ನು ಕಟುವಾಗಿ ಟೀಕಿಸಿದ್ದಾರೆ. ಆಯೋಗವು ಚಿತ್ರಹಿಂಸೆ ನೀಡಿದವರನ್ನೂ ಅನುಭವಿಸಿದವರನ್ನೂ ಎದುರುಬದುರು ಕೂರಿಸಿತು, ಆದರೆ ವ್ಯವಸ್ಥೆಯಿಂದ ಲಾಭ ಪಡೆದವರನ್ನು ಮತ್ತು ಅದರಿಂದ ನೆಲೆ ಕಳೆದುಕೊಂಡವರನ್ನು ಕಾಣಲಿಲ್ಲ ಎಂಬುದು ಅವರ ಟೀಕೆಯ ತಿರುಳು. ಡಿಸ್ಟ್ರಿಕ್ಟ್ ಸಿಕ್ಸ್‌ನ ಅನುಭವ ಈ ಟೀಕೆಯನ್ನು ಸಮರ್ಥಿಸುತ್ತದೆ.

ಸಂವಿಧಾನದ 26ನೆಯ ವಿಧಿಯು ವಸತಿಯನ್ನು ಹಕ್ಕೆಂದು ಒಪ್ಪಿದೆ. ನ್ಯಾಯಾಲಯದ ಆದೇಶವಿಲ್ಲದೆ ಯಾರನ್ನೂ ಮನೆಯಿಂದ ಹೊರಹಾಕುವಂತಿಲ್ಲ, ಯಾರ ಮನೆಯನ್ನೂ ಕೆಡವುವಂತಿಲ್ಲ ಎಂದು ಅದು ಹೇಳುತ್ತದೆ. 1994ರ ನಂತರ ಸರ್ಕಾರ ಲಕ್ಷಾಂತರ ಉಚಿತ ಮನೆಗಳನ್ನೂ ಕಟ್ಟಿತು. ಆದರೆ ಅಗ್ಗದ ಭೂಮಿ ಸಿಗುವುದು ನಗರದಂಚಿನಲ್ಲಿ. ಹೀಗಾಗಿ ಒಳ್ಳೆಯ ಉದ್ದೇಶದ ಆ ಮನೆಗಳೇ ವರ್ಣಭೇದದ ಭೂಪಟವನ್ನು ಮತ್ತಷ್ಟು ಹಿಗ್ಗಿಸಿದವು. 2013ರ ನಗರ ಯೋಜನಾ ಕಾಯಿದೆಯು ‘ಸ್ಥಳನ್ಯಾಯ’ವನ್ನು ಮೊದಲ ತತ್ತ್ವವಾಗಿ ಸೇರಿಸಿದ್ದು ಇದನ್ನು ಸರಿಪಡಿಸುವ ಪ್ರಯತ್ನ.

ಚಿಕ್ಕ ಪ್ರಮಾಣದ ಕೆಲವು ಪ್ರಯೋಗಗಳೂ ನಡೆದಿವೆ. 1980ರ ದಶಕದಲ್ಲಿ ಸ್ಥಾಪಿತವಾದ ಖಾಯೆಲಿಟ್ಶಾ ಟೌನ್‌ಶಿಪ್‌ನಲ್ಲಿ ಜರ್ಮನಿಯ ನೆರವಿನಿಂದ ನಡೆದ ಯೋಜನೆಯೊಂದು ಅಪರಾಧ ಹೆಚ್ಚಿದ್ದ ಕಾಲುದಾರಿಗಳನ್ನು ನಿವಾಸಿಗಳೊಂದಿಗೆ ಗುರುತಿಸಿ, ಅಲ್ಲಿ ದೀಪಗಳನ್ನೂ ರಾತ್ರಿ ಜನ ಇರುವ ಚಿಕ್ಕ ಸಮುದಾಯ ಕಟ್ಟಡಗಳನ್ನೂ ನಿರ್ಮಿಸಿತು. ಜೊಹಾನ್ಸ್‌ಬರ್ಗ್‌ನಲ್ಲಿ ಸಂವಿಧಾನ ನ್ಯಾಯಾಲಯವನ್ನು ಓಲ್ಡ್ ಫೋರ್ಟ್ ಜೈಲಿನ ಆವರಣದಲ್ಲಿ ಕಟ್ಟಿ 2004ರಲ್ಲಿ ಉದ್ಘಾಟಿಸಲಾಯಿತು. ಕೆಡವಿದ ವಿಚಾರಣಾಧೀನ ಕೈದಿಗಳ ಕಟ್ಟಡದ ಇಟ್ಟಿಗೆಗಳನ್ನೇ ಅದರ ನಿರ್ಮಾಣಕ್ಕೆ ಬಳಸಲಾಗಿದೆ.

ಸಾಹಿತ್ಯ, ಸಂಗೀತ ಮತ್ತು ಚಲನಚಿತ್ರ

ಕಾದಂಬರಿಕಾರ ಅಲೆಕ್ಸ್ ಲಾ ಗುಮಾ ಡಿಸ್ಟ್ರಿಕ್ಟ್ ಸಿಕ್ಸ್‌ನಲ್ಲಿ ಹುಟ್ಟಿದವರು. ಅವರ 1962ರ ‘ಎ ವಾಕ್ ಇನ್ ದ ನೈಟ್’ ಈ ಬೀದಿಗಳಲ್ಲಿಯೇ ನಡೆಯುತ್ತದೆ. ರಿಚರ್ಡ್ ರೈವ್ ಅವರ ‘ಬಕಿಂಗ್‌ಹ್ಯಾಮ್ ಪ್ಯಾಲೇಸ್, ಡಿಸ್ಟ್ರಿಕ್ಟ್ ಸಿಕ್ಸ್’ 1986ರಲ್ಲಿ ಪ್ರಕಟವಾಯಿತು. ಜಾಝ್ ಪಿಯಾನೋವಾದಕ ಅಬ್ದುಲ್ಲಾ ಇಬ್ರಾಹಿಂ 1974ರಲ್ಲಿ ಮುದ್ರಿಸಿದ ‘ಮಾನೆನ್‌ಬರ್ಗ್’ ಎಂಬ ಕೃತಿ ತೆರವಾದವರ ಟೌನ್‌ಶಿಪ್ ಒಂದರ ಹೆಸರನ್ನು ಹೊತ್ತಿದ್ದು, ವರ್ಣಭೇದ ವಿರೋಧಿ ಹೋರಾಟದ ಅನಧಿಕೃತ ಗೀತೆಯಂತೆ ಬಳಕೆಯಾಯಿತು. ಡೇವಿಡ್ ಕ್ರೇಮರ್ ಮತ್ತು ತಾಲಿಪ್ ಪೀಟರ್ಸನ್ ಅವರ ಸಂಗೀತ ನಾಟಕ 1987ರಲ್ಲಿ ರಂಗಕ್ಕೆ ಬಂದಿತು. ನೀಲ್ ಬ್ಲೊಮ್‌ಕ್ಯಾಂಪ್ ನಿರ್ದೇಶನದ 2009ರ ವೈಜ್ಞಾನಿಕ ಕಲ್ಪನೆಯ ಚಿತ್ರ ‘ಡಿಸ್ಟ್ರಿಕ್ಟ್ 9’ರ ಶೀರ್ಷಿಕೆಯೂ ಈ ಬಡಾವಣೆಯನ್ನು ನೆನಪಿಸುತ್ತದೆ; ಅದರ ಕಥೆ ನಡೆಯುವುದು ಜೊಹಾನ್ಸ್‌ಬರ್ಗ್‌ನಲ್ಲಿ.